ನಿಂಬೆಹಣ್ಣಿನ ಡಬ್ಬಿಗೆ ಬದಲು ಏನು ಕೊಡಲಿ? ಕೆಳಗಿನ ಮನೆಯವರ ಜೊತೆ ಪಂದ್ಯ ಶುರುವಾಗಿದೆ

ಮಹಡಿಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಒಂದೇ ಸಾಲಿನದು, ಕಥೆ ಮಾತ್ರ ಉದ್ದ.

ನಾವು ಈ ಮನೆಗೆ ಬಂದು ಎಂಟು ತಿಂಗಳಾಯಿತು. ನಾನು, ನನ್ನ ಹೆಂಡತಿ, ಎರಡನೇ ಕ್ಲಾಸು ಓದುವ ಮಗಳು. ಮೇಲಿನ ಮನೆ ನಮ್ಮದು. ಕೆಳಗಿನ ಮನೆಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದಾರೆ, ಒಬ್ಬರೇ. ಅವರ ಹಿತ್ತಿಲಲ್ಲಿ ಒಂದು ನಿಂಬೆ ಗಿಡ. ಗಿಡ ಅಂದೆ, ಆದರೆ ಅದರ ಕೊಂಬೆ ನಮ್ಮ ಅಡುಗೆಮನೆ ಕಿಟಕಿಯ ತನಕ ಬಂದಿದೆ. ಗಾಳಿ ಬಂದಾಗ ಮುಳ್ಳು ಸರಳಿಗೆ ಉಜ್ಜಿ ಕಿರ್ ಅನ್ನುತ್ತದೆ.

ಬಂದ ಮೂರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಂದು ಸ್ಟೀಲ್ ಡಬ್ಬಿ. ಒಳಗೆ ಹನ್ನೆರಡು ನಿಂಬೆಹಣ್ಣು. ಎರಡಕ್ಕೆ ಇನ್ನೂ ಎಲೆ ಅಂಟಿಕೊಂಡಿತ್ತು. ತುಂಬಾ ಖುಷಿಯಾಯಿತು. ಡಬ್ಬಿ ತೊಳೆದು ವಾಪಸ್ ಕೊಟ್ಟೆ. ನಾಲ್ಕು ದಿನಕ್ಕೆ ಮತ್ತೆ ಬಂತು. ಮತ್ತೆ ನಾಲ್ಕು ದಿನಕ್ಕೆ ಇನ್ನೊಂದು.

ಖಾಲಿ ಡಬ್ಬಿ ಕೊಡೋದು ಚೆನ್ನಾಗಿರಲ್ಲ ಅನ್ನಿಸಿ ಒಂದು ಸಲ ಅಂಗಡಿಯಿಂದ ಬಿಸ್ಕತ್ತಿನ ಟಿನ್ ತಂದು ಜೊತೆಗಿಟ್ಟೆ. ರಿಬ್ಬನ್ ಕಟ್ಟಿದ್ದು. ಅಲ್ಲಿಗೇ ಎಡವಟ್ಟಾಯಿತು. ಮೇಷ್ಟ್ರು "ಇದೆಲ್ಲ ಯಾಕಪ್ಪಾ" ಅಂದರು, ಮುಖ ಸಣ್ಣದಾಯಿತು. ಎರಡೇ ದಿನಕ್ಕೆ ನಮ್ಮ ಮನೆಗೆ ಡ್ರೈಫ್ರೂಟ್ಸ್ ಡಬ್ಬ ಬಂತು. ನಾನು ಫ್ಲಾಸ್ಕ್ ಕೊಟ್ಟೆ. ಅವರು ಮಗಳಿಗೆ ಬಣ್ಣದ ಪೆನ್ಸಿಲ್ ಸೆಟ್ ಮತ್ತು ಒಂದು ಕೊಡೆ ಕೊಟ್ಟರು. ಈಗ ಸರದಿ ನನ್ನದು. ನಿನ್ನೆ ರಾತ್ರಿ ಆನ್‌ಲೈನಿನಲ್ಲಿ ಗೋಡೆ ಗಡಿಯಾರ ನೋಡುತ್ತಾ ಕೂತಿದ್ದೆ. ಹೆಂಡತಿ ಹಿಂದಿನಿಂದ ಬಂದು ನೋಡಿ, "ಮುಂದೆ ಏನು, ಫ್ರಿಜ್ಜಾ?" ಅಂದಳು.

ಇಷ್ಟರ ಮಧ್ಯೆ ನಿಂಬೆಹಣ್ಣಂತೂ ನಿಂತಿಲ್ಲ. ಫ್ರಿಜ್ಜಿನಲ್ಲಿ ನಲವತ್ತರ ಮೇಲಿದೆ. ಹೊರಗೆ ಬುಟ್ಟಿಯಲ್ಲಿಟ್ಟವು ಒಣಗಿ ಗೋಲಿಯಾಗಿವೆ. ಡಬ್ಬಿ ನನ್ನ ಹತ್ತಿರವೇ ಉಳಿದು ಹತ್ತು ದಿನವಾಯಿತು, ಏನು ಹಾಕಿ ಕೊಡಬೇಕು ಅಂತ ಹೊಳೆಯುತ್ತಿಲ್ಲ. ನಿಜ ಹೇಳುತ್ತೇನೆ, ಅವರ ಬಾಗಿಲ ಮುಂದೆ ಈಗ ಚಪ್ಪಲಿ ಸದ್ದಾಗದ ಹಾಗೆ ನಡೆಯುತ್ತಿದ್ದೇನೆ. ಒಳ್ಳೆಯವರನ್ನು ಕಂಡರೆ ಸಾಲಗಾರನ ಹಾಗೆ ತಲೆ ತಪ್ಪಿಸಿಕೊಂಡು ಓಡಾಡೋದು ಎಂಥ ಪಾಡು ನೋಡಿ.

ಅವರ ಮನಸ್ಸು ನೋಯಿಸದೆ ಇದನ್ನು ನಿಲ್ಲಿಸೋದು ಹೇಗೆ?

ಸುಮ್ನಿರಪ್ಪ:

"ಸಾಕು ಮೇಷ್ಟ್ರೇ, ಮನೇಲಿ ತುಂಬಾ ಇದೆ" ಅಂದರೆ ಮುಗಿಯಿತು. ಇದಕ್ಕೆ ಇಷ್ಟೊಂದು ಪುರಾಣ ಬೇಕಾ?

ನನ್ನ ಅನುಭವ ಕೇಳಿ. ಪಕ್ಕದವರ ಜೊತೆ ಜಾಸ್ತಿ ಹಚ್ಚಿಕೊಂಡರೆ ಕಷ್ಟ. ನಮ್ಮ ಪಕ್ಕದವರು ಒಂದು ಭಾನುವಾರ "ಅರ್ಧ ಗಂಟೆ ಕೊಡಿ" ಅಂತ ಡ್ರಿಲ್ಲಿಂಗ್ ಮಷೀನ್ ತಗೊಂಡು ಹೋದರು. ಅದು ವಾಪಸ್ ಬಂದಿದ್ದು ಐದು ತಿಂಗಳಿಗೆ. ತೂತು ಕೊರೆಯುವ ಬಿಟ್ಟುಗಳಲ್ಲಿ ಎರಡು ಮುರಿದಿದ್ದವು, ಅವನ್ನು ಬಿಗಿಯುವ ಚಕ್ ಕೀ ಕಾಣೆ. ಕೇಳಿದರೆ "ನೀವು ಕೊಟ್ಟಾಗಲೇ ಇರಲಿಲ್ಲವಲ್ಲ" ಅಂದರು. ಅವತ್ತಿನಿಂದ ನಮಸ್ಕಾರ, ಚೆನ್ನಾಗಿದ್ದೀರಾ, ಅಷ್ಟೇ.

ತೋಟದಕ್ಕ:

ಮಹಡಿಮನೆಯವರೇ, ನಾನು ನಿಮ್ಮ ಮೇಷ್ಟ್ರ ಪಕ್ಷ. ಯಾಕೆ ಅಂದರೆ ನಮ್ಮ ಮನೆಯಲ್ಲೂ ಒಂದು ನಿಂಬೆ ಗಿಡ ಇದೆ.

ಗಿಡ ಇಲ್ಲದವರಿಗೆ ಒಂದು ವಿಷಯ ಗೊತ್ತಾಗಲ್ಲ. ನಿಂಬೆ ಬಿಡಲು ಶುರುವಾದರೆ ಇಂದು ಎರಡು, ನಾಳೆ ಎರಡು ಅಂತ ಲೆಕ್ಕ ಇಟ್ಟು ಬಿಡಲ್ಲ. ಬಿಟ್ಟರೆ ಬುಟ್ಟಿಗಟ್ಟಲೆ. ಒಬ್ಬರೇ ಇರುವವರು ಅದನ್ನು ಏನು ಮಾಡಬೇಕು? ಕೀಳದೆ ಬಿಟ್ಟರೆ ಹಳದಿಯಾಗಿ ಉದುರುತ್ತದೆ. ಬಿದ್ದಲ್ಲೇ ಕೊಳೆತು, ನೊಣ ಮುತ್ತಿ, ಬೂಸ್ಟು ಹಿಡಿಯುತ್ತದೆ. ಪೊರಕೆ ಹಿಡಿದು ಆ ಕೊಳೆತ ಹಣ್ಣು ಗುಡಿಸುವಾಗ ಹೊಟ್ಟೆ ಉರಿಯುತ್ತದೆ ರೀ. ಸಾಕಿದ ಗಿಡದ ಹಣ್ಣು ಅಲ್ವಾ. ಹಾಗಾಗಿ ಯಾರಾದರೂ ತಗೊಂಡರೆ ಅವರೇ ನಮಗೆ ಉಪಕಾರ ಮಾಡಿದ ಹಾಗೆ.

ನೀವು ಬಿಸ್ಕತ್ತಿನ ಟಿನ್ ಕೊಟ್ಟಾಗ ಅವರ ಮುಖ ಯಾಕೆ ಸಣ್ಣದಾಯಿತು ಗೊತ್ತಾ? ಅವರು ಕೊಟ್ಟಿದ್ದು ಮನೆಯಲ್ಲಿ ಹೆಚ್ಚಾಗಿದ್ದನ್ನು. ನೀವು ದುಡ್ಡು ಕೊಟ್ಟು ತಂದು ಲೆಕ್ಕ ಚುಕ್ತಾ ಮಾಡಿದಿರಿ. ಅವರಿಗೆ ಅದು "ನಿಮ್ಮ ಋಣ ನಮಗೆ ಬೇಡ" ಅಂದ ಹಾಗೆ ಕೇಳಿಸಿರುತ್ತದೆ. ಪಾಪ, ಅವರೂ ಸೋಲಬಾರದು ಅಂತ ಅಂಗಡಿಗೆ ಹೋಗಿದ್ದಾರೆ.

ನನ್ನ ಮಾತು ಕೇಳಿ. ಮೊದಲು ಡಬ್ಬಿ ವಾಪಸ್ ಕೊಡಿ, ಖಾಲಿಯೇ ಆಗಲಿ. ಹತ್ತು ದಿನ ಇಟ್ಟುಕೊಳ್ಳೋದು ಖಾಲಿ ಕೊಡೋದಕ್ಕಿಂತ ತಪ್ಪು. ಹಣ್ಣು ಕೀಳಲು ಅವರಿಗೆ ಮೇಲಿನ ಕೊಂಬೆ ಎಟುಕಲ್ಲ, ನಿಮ್ಮ ಕಿಟಕಿಗೆ ಎಟುಕುತ್ತದೆ ಅಂದಿರಿ. ಕಿತ್ತು ಕೆಳಗೆ ಕೊಡಿ. ಅದಕ್ಕಿಂತ ಬದಲು ಬೇಕಾ?

ಇನ್ನು ನಿಮ್ಮ ನಲವತ್ತು ಹಣ್ಣು. ಗೋಲಿಯಾಗಿರೋದನ್ನು ಎಸೆಯಬೇಡಿ. ಅರ್ಧ ಹೋಳು ಮಾಡಿ, ಮೇಲೆ ಉಪ್ಪು ಹಾಕಿ ಹಿತ್ತಾಳೆ, ತಾಮ್ರದ ಪಾತ್ರೆ ಉಜ್ಜಿ. ನಿಂಬೆಯ ಹುಳಿ ಆ ಕಪ್ಪು ಪದರವನ್ನು ಕರಗಿಸುತ್ತದೆ. ತಕ್ಷಣ ನೀರಿನಲ್ಲಿ ತೊಳೆದು ಒರೆಸಿ, ಇಲ್ಲದಿದ್ದರೆ ಮತ್ತೆ ಕಲೆ ಕೂರುತ್ತದೆ. ಚೆನ್ನಾಗಿರೋದನ್ನು ಒದ್ದೆಯಿಲ್ಲದ ಹಾಗೆ ಒರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಬಾಯಿ ಕಟ್ಟಿ ಫ್ರಿಜ್ಜಿನಲ್ಲಿಡಿ. ಹೊರಗೆ ಒಂದು ವಾರಕ್ಕೆ ಸಿಪ್ಪೆ ಬಿರುಸಾಗುವ ಹಣ್ಣು ಹೀಗಿಟ್ಟರೆ ಮೂರು ನಾಲ್ಕು ವಾರ ಬರುತ್ತದೆ. ಕವರ್ ಇಲ್ಲದೆ ಸುಮ್ನೆ ಫ್ರಿಜ್ಜಿಗೆ ಎಸೆದರೆ ಅಲ್ಲೂ ಒಣಗುತ್ತದೆ.

ಪುಸ್ತಕದ ಹುಳ:

ತೋಟದಕ್ಕ ಹೇಳಿದ್ದು ಸರಿ. ಅದರ ಮೇಲೆ ನನ್ನದೊಂದು ಮಾತು. ಕೊಡೋದು ಬಿಡಿ, ಅವರ ಹತ್ತಿರ ಏನಾದರೂ ಕೇಳಿ.

ತಮಾಷೆಯಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರೆದಿದ್ದಾನೆ. ಆತ ಪೆನ್ಸಿಲ್ವೇನಿಯಾ ಶಾಸನಸಭೆಯ ಗುಮಾಸ್ತನಾಗಿ 1736ರಲ್ಲಿ ಸೇರಿದ. ಮರುವರ್ಷ ಒಬ್ಬ ಹೊಸ ಸದಸ್ಯ ಇವನ ವಿರುದ್ಧ ಉದ್ದನೆಯ ಭಾಷಣ ಮಾಡಿದ. ಇಂಥವನನ್ನು ಒಲಿಸಿಕೊಳ್ಳಲು ಫ್ರಾಂಕ್ಲಿನ್ ಕೈಕಾಲು ಹಿಡಿಯಲಿಲ್ಲ, ಉಡುಗೊರೆಯನ್ನೂ ಕೊಡಲಿಲ್ಲ. ಆತನ ಹತ್ತಿರ ಒಂದು ಅಪರೂಪದ ಪುಸ್ತಕ ಇದೆ ಅಂತ ಕೇಳಿದ್ದ. ಸ್ವಲ್ಪ ದಿನ ಓದಲು ಕೊಡಿ ಅಂತ ಚೀಟಿ ಕಳಿಸಿದ. ಪುಸ್ತಕ ತಕ್ಷಣ ಬಂತು. ಒಂದು ವಾರಕ್ಕೆ ಥ್ಯಾಂಕ್ಸ್ ಹೇಳಿ ವಾಪಸ್ ಮಾಡಿದ. ಮುಂದಿನ ಸಲ ಸಭೆಯಲ್ಲಿ ಸಿಕ್ಕಾಗ ಆತ ತಾನಾಗಿ ಮಾತಾಡಿಸಿದನಂತೆ. ಸಾಯುವ ತನಕ ಸ್ನೇಹ ಉಳಿಯಿತು. ಒಮ್ಮೆ ನಮಗೆ ಉಪಕಾರ ಮಾಡಿದವನು ಇನ್ನೊಮ್ಮೆ ಮಾಡಲು ತಯಾರಿರುತ್ತಾನೆ, ನಾವು ಉಪಕಾರ ಮಾಡಿದವನಿಗಿಂತ ಜಾಸ್ತಿ, ಅನ್ನೋದು ಅವನ ಲೆಕ್ಕ.

1969ರಲ್ಲಿ ಜೆಕರ್, ಲ್ಯಾಂಡಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪ್ರಯೋಗ ಮಾಡಿ ನೋಡಿದರು. ಜನರಿಗೆ ಒಂದು ಸ್ಪರ್ಧೆಯಲ್ಲಿ ಹಣ ಗೆಲ್ಲಿಸಿದರು. ಆಮೇಲೆ ಕೆಲವರ ಹತ್ತಿರ ಪ್ರಯೋಗ ನಡೆಸಿದವನೇ "ನನ್ನ ಕೈಯಿಂದ ಹಾಕಿದ ದುಡ್ಡು, ವಾಪಸ್ ಕೊಡ್ತೀರಾ" ಅಂತ ಕೇಳಿದ. ಕೇಳಿಸಿಕೊಂಡು ಕೊಟ್ಟವರಿಗೇ ಅವನು ಹೆಚ್ಚು ಇಷ್ಟವಾದ, ದುಡ್ಡು ಜೇಬಿಗಿಟ್ಟುಕೊಂಡು ಹೋದವರಿಗಲ್ಲ.

ನೀವು ಎಂಟು ತಿಂಗಳಲ್ಲಿ ಮೇಷ್ಟ್ರ ಹತ್ತಿರ ಒಂದು ಸಲವಾದರೂ ಏನಾದರೂ ಕೇಳಿದ್ದೀರಾ?

ಸುಮ್ನಿರಪ್ಪ:

ನನ್ನ ಡ್ರಿಲ್ಲಿಂಗ್ ಮಷೀನ್ ತಗೊಂಡು ಹೋದವನೂ ಫ್ರಾಂಕ್ಲಿನ್ನನ್ನು ಓದಿರಬೇಕು. ನನಗಂತೂ ಅವನ ಮೇಲೆ ಪ್ರೀತಿ ಉಕ್ಕಿ ಬರಲಿಲ್ಲ.

ಪುಸ್ತಕದ ಹುಳ:

ಫ್ರಾಂಕ್ಲಿನ್ ಒಂದು ವಾರಕ್ಕೆ ವಾಪಸ್ ಕೊಟ್ಟ ಸಾರ್. ಐದು ತಿಂಗಳಿಗಲ್ಲ.

ಮಹಡಿಮನೆ:

ಒಂದು ಸಲವೂ ಕೇಳಿಲ್ಲ. ನಿಮ್ಮ ಪ್ರಶ್ನೆ ಓದಿ ಹೆಂಡತಿಗೆ ತೋರಿಸಿದೆ. "ನೀವು ದಾರಿಯನ್ನೇ ಯಾರ ಹತ್ತಿರವೂ ಕೇಳಲ್ಲ, ಸುತ್ತು ಹಾಕಿಕೊಂಡು ಹೋಗ್ತೀರಿ" ಅಂದಳು. ಅದೂ ನಿಜ.

ಆದರೆ ಏನು ಕೇಳೋದು? ನಮ್ಮ ಮನೆಯಲ್ಲಿ ಸಕ್ಕರೆ ಖಾಲಿಯಾದರೆ ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬರುತ್ತದೆ. ಬೇಕಿಲ್ಲದ್ದನ್ನು ಸುಮ್ನೆ ಕೇಳಿದರೆ ನಾಟಕ ಅನ್ನಿಸುತ್ತದೆ.

ತೋಟದಕ್ಕ:

ಒಂದು ನಿಂಬೆ ಸಸಿ ಕೇಳಿ. ಕುಂಡದಲ್ಲಿ ಬೆಳೆಯುತ್ತದೆ. ಬೀಜ ಬೇಡ, ಬೀಜದ ಗಿಡ ಹಣ್ಣು ಬಿಡಲು ನಾಲ್ಕೈದು ವರ್ಷ, ಕೆಲವು ಸಲ ಇನ್ನೂ ಜಾಸ್ತಿ ಕಾಯಿಸುತ್ತದೆ. ಗೂಟಿ ಕಸಿ ಕಟ್ಟಿಕೊಡಿ ಅನ್ನಿ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸೋದು. ನಿಂಬೆಗೆ ಅದು ಸುಲಭವಾಗಿ ಹತ್ತುತ್ತದೆ. ಎರಡು ತಿಂಗಳ ಕೆಲಸ. ಅಷ್ಟು ದಿನ ಅವರಿಗೂ ನಿಮಗೂ ಮಾತಾಡಲು ಒಂದು ವಿಷಯ ಆಯಿತು.

ಮಹಡಿಮನೆ (ಎರಡೂವರೆ ತಿಂಗಳ ನಂತರ):

ಏನಾಯಿತು ಅಂತ ಕೆಲವರು ಕೇಳಿದ್ದೀರಿ. ಹೇಳುತ್ತೇನೆ.

ಆ ಶನಿವಾರವೇ ಡಬ್ಬಿ ತೊಳೆದು, ಖಾಲಿಯೇ ಹಿಡಿದುಕೊಂಡು, ಮಗಳ ಜೊತೆ ಕೆಳಗೆ ಹೋದೆ. ಅದರ ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಒಂದು ಹೆಸರು ಕೊರೆಸಿದ್ದಾರೆ. ನಾನು ಎಂಟು ತಿಂಗಳಿಂದ ನೋಡಿದ್ದೆ, ಕೇಳಿರಲಿಲ್ಲ. ಮಗಳಿಗೆ ಈಗ ಕಂಡಿದ್ದನ್ನೆಲ್ಲ ಓದುವ ವಯಸ್ಸು. ಬಾಗಿಲಲ್ಲೇ ನಿಂತು ಅಕ್ಷರ ಅಕ್ಷರ ಕೂಡಿಸಿ ಜೋರಾಗಿ ಓದಿದಳು. "ಇದು ಯಾರು ತಾತ?" ಅಂದಳು. ನನಗೆ ಎದೆ ಧಸಕ್ ಅಂತು.

ಮೇಷ್ಟ್ರು ನಕ್ಕುಬಿಟ್ಟರು. "ನಿಮ್ಮಜ್ಜಿ ಕಣಮ್ಮಾ. ಮನೇಲಿರೋ ಲೋಟ, ಸೌಟು ಎಲ್ಲದರ ಮೇಲೂ ಹೆಸರು ಹೊಡೆಸಿದ್ಲು. ಊರಿಗೆಲ್ಲ ಕೊಡೋಳು, ಡಬ್ಬಿ ವಾಪಸ್ ಬರಲಿಲ್ಲ ಅಂದ್ರೆ ಮನೆ ಮನೆಗೆ ಹೋಗಿ ಜಗಳ ಆಡೋಳು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಹತ್ತು ದಿನ ಆದ್ರೂ ಬರಲಿಲ್ವಲ್ಲ, ಅವಳಿದ್ದಿದ್ರೆ ನಿಮ್ಮನೆ ಬಾಗಿಲಿಗೆ ಬಂದಿರೋಳು" ಅಂದರು. ನಾಚಿಕೆಯಾಯಿತು. ನಗುವೂ ಬಂತು.

ಸಸಿ ಕೇಳಿದೆ. "ಗೂಟಿ ಕಟ್ಟಬೇಕಾ?" ಅಂದವರೇ ಎದ್ದು ನಿಂತರು. ಚಾ ಕುಡಿಯುತ್ತಿದ್ದರು, ಲೋಟ ಹಾಗೇ ಉಳಿಯಿತು.

ಅವತ್ತು ಮಾಡಿದ್ದನ್ನು ಬರೆಯಲೇಬೇಕು. ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪನೆಯ ಒಂದು ಕೊಂಬೆ ಹುಡುಕಿದರು. ಚಾಕುವಿನಿಂದ ಸುತ್ತಲೂ ಒಂದು ಗೆರೆ, ಒಂದು ಇಂಚು ಬಿಟ್ಟು ಇನ್ನೊಂದು ಗೆರೆ. ಮಧ್ಯದ ಸಿಪ್ಪೆಯನ್ನು ಉಂಗುರದ ಹಾಗೆ ಬಿಡಿಸಿ ತೆಗೆದರು. ಒಳಗೆ ಬಿಳಿಯ ಕಡ್ಡಿ ಕಾಣಿಸಿತು, ಮುಟ್ಟಿದರೆ ಲೋಳೆಲೋಳೆ. ಆ ಲೋಳೆಯನ್ನೂ ಚಾಕುವಿನ ಬೆನ್ನಿನಿಂದ ಕೆರೆದರು. ಬಿಟ್ಟರೆ ಸಿಪ್ಪೆ ಮತ್ತೆ ಕೂಡಿಕೊಳ್ಳುತ್ತದಂತೆ. ಒದ್ದೆ ಪಾಚಿಯನ್ನು ಹಿಂಡಿ, ಮುಷ್ಟಿ ಗಾತ್ರಕ್ಕೆ ಸುತ್ತ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಕೆಳಗೆ ದಾರದಿಂದ ಬಿಗಿದರು. ಒಂದು ಮುಳ್ಳು ಅವರ ಹೆಬ್ಬೆರಳಿಗೆ ಚುಚ್ಚಿತು. ಬಾಯಿಗಿಟ್ಟು ಚೀಪಿಕೊಂಡು ಕೆಲಸ ಮುಂದುವರಿಸಿದರು.

"ಸಿಪ್ಪೆ ಕಿತ್ತರೆ ಕೊಂಬೆ ಸಾಯಲ್ವಾ?" ಅಂತ ಮಗಳು ಕೇಳಿದಳು. ಆಗ ನೋಡಬೇಕಿತ್ತು ಮೇಷ್ಟ್ರನ್ನು. ನಿವೃತ್ತಿಯೇ ಆಗಿಲ್ಲ ಅನ್ನುವ ಹಾಗೆ ಪಾಠ ಶುರು ಮಾಡಿದರು. ಬೇರಿನಿಂದ ನೀರು ಮೇಲೆ ಹತ್ತೋದು ಒಳಗಿನ ಕಟ್ಟಿಗೆಯಲ್ಲಿ. ಅದನ್ನು ನಾವು ಮುಟ್ಟಿಲ್ಲ, ಅದಕ್ಕೆ ಎಲೆ ಬಾಡಲ್ಲ. ಎಲೆ ತಯಾರಿಸಿದ ಆಹಾರ ಕೆಳಗಿಳಿಯೋದು ಸಿಪ್ಪೆಯಲ್ಲಿ. ಆ ದಾರಿ ಕಡಿದಿದ್ದೇವೆ. ಇಳಿಯುವ ಆಹಾರ ಅಲ್ಲೇ ನಿಲ್ಲುತ್ತದೆ. ಕತ್ತಲು ಇದೆ, ತೇವ ಇದೆ, ಹೊಟ್ಟೆ ತುಂಬ ಊಟ ಇದೆ. "ಇನ್ನೇನು ಬೇಕು? ಬೇರು ಬಿಡುತ್ತೆ" ಅಂದರು. ನಾನು ಹತ್ತನೇ ಕ್ಲಾಸಿನವರೆಗೂ ಇದನ್ನು ಉರು ಹೊಡೆದಿದ್ದೆ. ಅರ್ಥವಾಗಿದ್ದು ಅವತ್ತು.

ಅಂಗಡಿಯ ಪಂದ್ಯ ಅಲ್ಲಿಗೆ ನಿಂತಿತು. ಯಾರೂ ನಿಲ್ಲಿಸಲಿಲ್ಲ, ತಾನಾಗಿ ಮರೆತುಹೋಯಿತು. ಮಗಳು ಸ್ಕೂಲಿನಿಂದ ಬಂದವಳೇ ಬ್ಯಾಗು ಮೆಟ್ಟಿಲ ಮೇಲೆ ಎಸೆದು ಹಿತ್ತಿಲಿಗೆ ಓಡುತ್ತಿದ್ದಳು. ಬೇರು ಬಂತಾ ಅಂತ ದಿನಾ ವಿಚಾರಣೆ. ಐದನೇ ವಾರ ಪ್ಲಾಸ್ಟಿಕ್ಕಿನ ಒಳಗೆ ಬಿಳಿ ದಾರದಂಥದ್ದು ಒಂದು ಎಳೆ ಕಂಡಿತು. ಅವತ್ತು ರಾತ್ರಿ ಎಂಟಕ್ಕೆ ಟಾರ್ಚ್ ಹಿಡಿದು ನಾವು ನಾಲ್ಕೂ ಜನ ಕೊಂಬೆಯ ಕೆಳಗೆ ನಿಂತಿದ್ದೆವು. ಒಲೆ ಮೇಲಿಟ್ಟ ಹಾಲು ಉಕ್ಕಿ ಹೋಯಿತು. ನನ್ನ ಹೆಂಡತಿ ಹಾಲು ಉಕ್ಕಿದರೆ ಎರಡು ದಿನ ಹೇಳುವವಳು. ಅವತ್ತು ಏನೂ ಅನ್ನಲಿಲ್ಲ.

ಒಂಬತ್ತನೇ ವಾರಕ್ಕೆ ಕಟ್ಟಿನ ಕೆಳಗೆ ಕತ್ತರಿಸಿ ಕುಂಡಕ್ಕಿಳಿಸಿದೆವು. ಈಗ ನೆರಳಿನಲ್ಲಿದೆ. ಎರಡು ಎಲೆ ಉದುರಿದವು, ಒಂದು ಹೊಸ ಚಿಗುರು ಬಂದಿದೆ.

ಸುಮ್ನಿರಪ್ಪನವರೇ, ನಿಮ್ಮ ಮಾತನ್ನೂ ಪೂರ್ತಿ ತಳ್ಳಿಹಾಕಿಲ್ಲ. ಒಂದು ದಿನ ಧೈರ್ಯ ಮಾಡಿ, "ಮೇಷ್ಟ್ರೇ, ವಾರಕ್ಕೆ ಆರು ಹಣ್ಣು ಸಾಕು" ಅಂದೆ. "ಮೊದಲೇ ಹೇಳೋದಲ್ವೇನಪ್ಪಾ, ನಿಮ್ಗೆ ಎಷ್ಟು ಬೇಕೋ ಅಂತ ನನಗೇನು ಗೊತ್ತು" ಅಂದರು. ಇಷ್ಟೇ. ಈ ಒಂದು ವಾಕ್ಯಕ್ಕೆ ನಾನು ಹತ್ತು ತಿಂಗಳು ತಗೊಂಡೆ.

ಹೋದ ವಾರ ಮೇಷ್ಟ್ರು ಹನ್ನೆರಡು ದಿನಕ್ಕೆ ಮಗನ ಮನೆಗೆ ಹೊರಟರು. ಹೊರಡುವ ಹಿಂದಿನ ರಾತ್ರಿ ಮೇಲೆ ಬಂದು ಬೀಗದ ಕೈ ಕೊಟ್ಟರು. ಗಿಡಕ್ಕೆ ನೀರು ಹಾಕಬೇಕು, ಹಣ್ಣು ಉದುರದ ಹಾಗೆ ಕೀಳಬೇಕು. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡಲು ಆಗುತ್ತಾ ಅಂತಲೂ ಕೇಳಿದರು. ಅವರು ನಮ್ಮ ಹತ್ತಿರ ಏನಾದರೂ ಕೇಳಿದ್ದು ಅದೇ ಮೊದಲು. ಅರ್ಧ ನಿಮಿಷದ ಕೆಲಸ. ಎಷ್ಟು ದಿನದಿಂದ ಕಣ್ಣು ಕಿರಿದು ಮಾಡಿಕೊಂಡು ಓದುತ್ತಿದ್ದರೋ.

ಈಗ ಫಜೀತಿ ಏನು ಅಂದರೆ, ಇಡೀ ಗಿಡದ ಹಣ್ಣು ನನ್ನ ಪಾಲಿಗೆ ಬಿದ್ದಿದೆ. ಭಾನುವಾರ ಒಂದೇ ದಿನ ಎಂಬತ್ತಮೂರು ಕಿತ್ತೆ. ಕೈಯೆಲ್ಲ ಗೀಚಿದೆ. ಅರ್ಧ ಹಿಂಡಿ, ಬೀಜ ಸೋಸಿ, ಐಸ್ ಟ್ರೇಗೆ ಹುಯ್ದಿದ್ದೇನೆ. ಗಟ್ಟಿಯಾದ ಮೇಲೆ ಕವರಿಗೆ ಹಾಕಿಟ್ಟರೆ ಮೂರು ತಿಂಗಳು ಯೋಚನೆಯಿಲ್ಲ. ಒಂದು ಲೋಟ ನೀರಿಗೆ ಒಂದು ಗಡ್ಡೆ. ಹಿಂಡಿದ ರಸ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ, ಹುಳಿ ಅದನ್ನು ತಿನ್ನುತ್ತದೆ. ಸ್ಟೀಲು ಅಥವಾ ಗಾಜು.

ಉಳಿದದ್ದರಲ್ಲಿ ಹನ್ನೆರಡನ್ನು ಹಳೇ ಐಸ್‌ಕ್ರೀಮ್ ಡಬ್ಬಕ್ಕೆ ಹಾಕಿ ಎದುರು ಮನೆಯ ಹುಡುಗನ ಬಾಗಿಲಲ್ಲಿಟ್ಟು ಬಂದೆ. ಹೊಸಬ, ಬಂದು ಒಂದು ತಿಂಗಳಾಗಿರಬಹುದು, ಒಬ್ಬನೇ ಇರುತ್ತಾನೆ. ನಮಸ್ಕಾರ ಬಿಟ್ಟರೆ ಮಾತಿಲ್ಲ. ಬುಧವಾರ ಇನ್ನೊಂದು ಡಬ್ಬ ಇಟ್ಟೆ.

ನಿನ್ನೆ ಸಂಜೆ ಬೆಲ್ ಆಯಿತು. ತೆಗೆದರೆ ಅವನೇ. ಎರಡೂ ಡಬ್ಬ ತೊಳೆದು ಒಂದರೊಳಗೊಂದು ಕೂರಿಸಿದ್ದ. ಅದರ ಮೇಲೆ ರಿಬ್ಬನ್ ಕಟ್ಟಿದ ಒಂದು ದೊಡ್ಡ ಚಾಕೊಲೇಟ್ ಬಾಕ್ಸ್.

"ಇದೆಲ್ಲ ಯಾಕಪ್ಪಾ" ಅಂತ ನನ್ನ ಬಾಯಿಂದಲೇ ಬಂತು. ಒಳಗಿನಿಂದ ಹೆಂಡತಿ ನಗುತ್ತಿದ್ದಳು. ಅವನಿಗೆ ಈ ಪುಟದ ಲಿಂಕ್ ಕಳಿಸಲಾ ಅಂತ ಯೋಚಿಸುತ್ತಿದ್ದೇನೆ.